ಎಬಿಎಸ್ ದೀಪ ಹತ್ತಿದರೆ ಮೊದಲು ಚಕ್ರದ ಹತ್ತಿರ ನೋಡಿ

ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬಗ್ಗೆ ಬರೆದ ಲೇಖನವೊಂದನ್ನು ಓದಿದರೆ, ಅದರ ದೀಪ ಹತ್ತಿದ ಕೂಡಲೇ ಮಾಡ್ಯೂಲ್, ಅಂದರೆ ಅದರ ನಿಯಂತ್ರಣ ಘಟಕವನ್ನೇ, ಬದಲಿಸಬೇಕೇನೋ ಅನ್ನಿಸುತ್ತದೆ. ಅಷ್ಟು ಅವಸರ ಬೇಡ. ಬಹಳಷ್ಟು ಸಲ ಕೆಟ್ಟಿರುವುದು ಚಕ್ರದ ವೇಗ ಅಳೆಯುವ ವೀಲ್ ಸ್ಪೀಡ್ ಸೆನ್ಸರ್, ಇಲ್ಲವೇ ಅದರ ವೈರು. ಸ್ಕ್ಯಾನರ್‌ನಲ್ಲಿ ಸಿ0035 ಎಂಬ ದೋಷದ ಕೋಡ್ ಬಂದರೆ ಮುಂದಿನ ಎಡ ಚಕ್ರದ ಸೆನ್ಸರ್ ಸರ್ಕ್ಯೂಟಿನಲ್ಲಿ ದೋಷವಿದೆ ಎಂದಷ್ಟೇ ಅರ್ಥ, ಸೆನ್ಸರೇ ಹೋಗಿದೆ ಎಂದಲ್ಲ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಬಾಗುವ ವೈರು ಒಳಗೇ ತುಂಡಾಗಿದ್ದರೂ ಹೊರಗಿನ ರಬ್ಬರ್ ಚೆನ್ನಾಗೇ ಕಾಣುತ್ತದೆ. ಮೀಟರ್ ಹಚ್ಚಿ ವೈರನ್ನು ಅಲ್ಲಾಡಿಸಿ ನೋಡಿ.

ಹಳೆಯ ಕಾಯಿಲ್ (ತಂತಿ ಸುರುಳಿಯ) ಸೆನ್ಸರ್ ಆದರೆ ಸಾಮಾನ್ಯವಾಗಿ 800ರಿಂದ 2,000 ಓಮ್ ತೋರಿಸಬೇಕು. ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಎಸಿ ವೋಲ್ಟೇಜ್ ಹುಟ್ಟಬೇಕು. ಹೊರಗಿನಿಂದ ಕರೆಂಟ್ ಪಡೆದು ಕೆಲಸ ಮಾಡುವ ಈಗಿನ ಆಕ್ಟಿವ್ ಸೆನ್ಸರ್‌ಗೆ ಓಮ್ ಪರೀಕ್ಷೆ ದಂಡ. ಅದು ಸುಮಾರು 7 ಮತ್ತು 14 ಮಿಲಿಆಂಪಿಯರ್ ನಡುವೆ ಕರೆಂಟ್ ಬದಲಿಸುತ್ತಾ ಸಿಗ್ನಲ್ ಕೊಡುತ್ತದೆ. ಕನೆಕ್ಟರ್‌ಗೆ ಸಪ್ಲೈ ಬರುತ್ತಿದೆಯೇ ನೋಡಿ, ಆಮೇಲೆ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ನಾಲ್ಕೂ ಚಕ್ರಗಳ ವೇಗ ಹೋಲಿಸಿ.

ದೀಪ ಹತ್ತದೆ, ಗಾಡಿ ಇನ್ನೇನು ನಿಲ್ಲುವಾಗ ಬ್ರೇಕ್ ಪೆಡಲ್ ಗಡಗಡ ಅಂದರೆ ಟೋನ್ ರಿಂಗ್ (ಚಕ್ರದ ಜೊತೆ ತಿರುಗುವ, ಸೆನ್ಸರ್ ಓದುವ ಉಂಗುರ) ಬಿರುಕು ಬಿಟ್ಟಿದೆಯೇ ಎಂದು ನೋಡಿ. ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಉಬ್ಬಿ ಅಂತರ ಹೆಚ್ಚಾದರೂ ಹೀಗೇ ಆಗುತ್ತದೆ; ವೈರ್ ಬ್ರಷ್ ಹಾಕಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿ.

ಚಕ್ರದ ಬೇರಿಂಗ್ ಬದಲಿಸಿದ ಮೇಲೆಯೇ ದೀಪ ಬಂದಿದ್ದರೆ ಅದನ್ನು ಉಲ್ಟಾ ಪ್ರೆಸ್ ಮಾಡಿರುವ ಸಂಭವ ಹೆಚ್ಚು. ಈಗಿನ ಎಷ್ಟೋ ಗಾಡಿಗಳ ಬೇರಿಂಗ್‌ಗಳ ಒಂದು ಸೀಲ್‌ನಲ್ಲಿ ಆಯಸ್ಕಾಂತದ ಉಂಗುರ ಇರುತ್ತದೆ, ಆ ಬದಿ ಸೆನ್ಸರ್ ಕಡೆಗೇ ಬರಬೇಕು. ಕೂರಿಸುವ ಮೊದಲು ಗುಂಡುಸೂಜಿ ತಾಗಿಸಿ, ಯಾವ ಬದಿಗೆ ಹಗುರವಾಗಿ ಅಂಟುತ್ತದೆ ನೋಡಿಕೊಳ್ಳಿ.