ಹೊರಲಾರದ ಜಾಗದಲ್ಲಿ ಎಲ್ಕ್ ಹೊಡೆಯಬೇಡಿ

ಆಗಸ್ಟ್ ಬಂತು. ಇನ್ನು ಆರೇಳು ವಾರಕ್ಕೆ ಕೊಲೊರಾಡೊ ಬೆಟ್ಟಗಳ ಆಸ್ಪೆನ್ ಮರಗಳು ಅರಿಶಿನ ಮೆತ್ತಿದ ಹಾಗೆ ಕಾಣುತ್ತವೆ. ಅಕ್ಟೋಬರ್ ನಡುವಿಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಮೊದಲ ರೈಫಲ್ ಸೀಸನ್. ಅಮೆರಿಕದಲ್ಲಿದ್ದುಕೊಂಡು ಮೊದಲ ಸಲ ಹೊರಟಿರುವ ನಮ್ಮ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೊಸಬರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಕೋವಿಯದ್ದು. ಯಾವ ಕ್ಯಾಲಿಬರ್, ಯಾವ ಸ್ಕೋಪ್, ಎಷ್ಟು ದೂರಕ್ಕೆ ಹೊಡೆಯಬಹುದು? ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಬಿದ್ದ ಪ್ರಾಣಿಯ ಮಾಂಸ ಕೆಡುವ ಮುಂಚೆ ಗಾಡಿ ಮುಟ್ಟುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದರೆ ಎಲ್ಲಿ ಹುಡುಕಬೇಕು, ಯಾರ ಜೊತೆ ಹೋಗಬೇಕು, ಯಾವ ಲೈಸೆನ್ಸ್ ತೆಗೆದುಕೊಳ್ಳಬೇಕು ಎಂಬುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ.

ಲೆಕ್ಕ ಹಾಕಿ ನೋಡಿ. ನಮ್ಮ ಕಡವೆಯ ದೂರದ ನೆಂಟ ಈ ಎಲ್ಕ್. ಬೆಳೆದ ಗಂಡು 320 ಕಿಲೋ ತೂಗುತ್ತದೆ, ಹೆಣ್ಣು ಸುಮಾರು 225 ಕಿಲೋ. ಮೂಳೆ ಬಿಡಿಸಿದರೆ ಹೆಣ್ಣಿನಲ್ಲಿ 60–70 ಕಿಲೋ ಮಾಂಸ ಸಿಗುತ್ತದೆ, ದೊಡ್ಡ ಗಂಡಿನಲ್ಲಿ 90–110 ಕಿಲೋ. ಹತ್ತು ಸಾವಿರ ಅಡಿ ಎತ್ತರದಲ್ಲಿ, ಬಿದ್ದ ಮರಗಳನ್ನು ದಾಟುತ್ತಾ ಒಬ್ಬರು ಸುರಕ್ಷಿತವಾಗಿ ಹೊರಬಹುದಾದದ್ದು 25–30 ಕಿಲೋ. ಒಂಟಿಯಾಗಿ ಹೋಗಿ ರಸ್ತೆಯಿಂದ ಎರಡು ಮೈಲಿ ಒಳಗೆ ಹೆಣ್ಣು ಎಲ್ಕ್ ಹೊಡೆದಿರಿ ಎನ್ನೋಣ. ಮೂರು ಹೊರೆ, ನಡುವೆ ಎರಡು ಸಲ ಬರಿಗೈಲಿ ವಾಪಸ್ ನಡಿಗೆ: ಒಟ್ಟು ಹತ್ತು ಮೈಲಿ. ಹೊರೆ ಹೊತ್ತಾಗ ಗಂಟೆಗೆ ಒಂದು ಮೈಲಿ ಸಾಗಿದರೆ ದೊಡ್ಡದು. ದೊಡ್ಡ ಗಂಡಾದರೆ ನಾಲ್ಕು ಹೊರೆ, ಹದಿನಾಲ್ಕು ಮೈಲಿ. ಇಷ್ಟರಲ್ಲಿ ಸುಲಿದು ಬಿಡಿಸುವ ಹೊತ್ತು ಸೇರಿಲ್ಲ. ಹೊಸಬರಿಗೆ ಅದಕ್ಕೇ ಎರಡು ಮೂರು ತಾಸು ಬೇಕು.

ಹಾಗಾಗಿ ನನ್ನ ಖಡಾಖಂಡಿತ ಅಭಿಪ್ರಾಯ ಇಷ್ಟು: ಒಬ್ಬರೇ ಹೋದರೆ ಒಂದು ಮೈಲಿ, ಇಬ್ಬರಿದ್ದರೆ ಎರಡು ಮೈಲಿ. ಹೊರೆ ಗಾಡಿಯ ಕಡೆಗೆ ಇಳಿಜಾರಿನಲ್ಲೇ ಇಳಿಯಬೇಕು. ಗಾಡಿ ಮೇಲೆ ನಿಂತಿದೆ, ಎಲ್ಕ್ ಕಣಿವೆಯ ತಳದಲ್ಲಿದೆ ಎಂದರೆ ಅದು ಎಷ್ಟೇ ಸುಲಭಕ್ಕೆ ನಿಂತಿರಲಿ, ಬಿಟ್ಟುಬಿಡಿ. ಹೆಚ್ಚಿನವರು ಎಡವುವುದು ಇಲ್ಲೇ. ಬೆಳಗ್ಗೆ ಹುರುಪಿನಲ್ಲಿ ಸಾವಿರ ಅಡಿ ಇಳಿದು ಹೊಡೆದಿರುತ್ತಾರೆ, ಮಧ್ಯಾಹ್ನದ ಬಿಸಿಲಿಗೆ ಮಾಂಸ ಹಳಸತೊಡಗಿದಾಗ ಮೇಲೆ ನೋಡುತ್ತಾರೆ.

ಗಾಳಿಯೂ ಈ ಲೆಕ್ಕಕ್ಕೇ ಒದಗಿ ಬರುತ್ತದೆ. ಬೆಟ್ಟದಲ್ಲಿ ಬೆಳಗಿನ ಜಾವದ ತಣ್ಣನೆ ಗಾಳಿ ಇಳಿಜಾರಿನುದ್ದಕ್ಕೂ ಕೆಳಗೆ ಹರಿಯುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ, ಒಂಬತ್ತು ಹತ್ತು ಗಂಟೆಯ ಸುಮಾರಿಗೆ, ಮೇಲಕ್ಕೆ ತಿರುಗುತ್ತದೆ. ಸಂಜೆ ಮತ್ತೆ ಕೆಳಕ್ಕೆ. ಎಲ್ಕ್‌ಗಳು ರಾತ್ರಿ ಹುಲ್ಲುಗಾವಲಲ್ಲಿ ಮೇಯ್ದು, ಬೆಳಕು ಹರಿಯುವಾಗ ಉತ್ತರಕ್ಕೆ ಮುಖ ಮಾಡಿದ ದಟ್ಟ ಸ್ಪ್ರೂಸ್ ಕಾಡಿನ ಕಡೆ ಹತ್ತುತ್ತವೆ. ಕತ್ತಲಲ್ಲೇ ಕೆಳಗಿಂದ ಹೊರಟರೆ ಗಾಳಿ ನಿಮ್ಮ ಮುಖಕ್ಕೆ ಬಡಿಯುತ್ತಿರುತ್ತದೆ, ಪ್ರಾಣಿ ನಿಮಗಿಂತ ಮೇಲಿರುತ್ತದೆ, ಬಿದ್ದರೆ ಹೊರೆಯೂ ಇಳಿಜಾರಿಗೇ. ಗಾಳಿ ತಿರುಗಿತು ಎಂದು ಗೊತ್ತಾದ ಕೂಡಲೇ ಹತ್ತುವುದನ್ನು ನಿಲ್ಲಿಸಿ. ಒಂದೇ ಎತ್ತರದಲ್ಲಿ ಅಡ್ಡಡ್ಡ ನಡೆಯಿರಿ, ಇಲ್ಲವೇ ಕೂತುಬಿಡಿ. ಕಣ್ಣಿಗೆ ಬಿದ್ದರೂ ಎಲ್ಕ್ ಒಮ್ಮೊಮ್ಮೆ ನಿಂತು ನೋಡುತ್ತದೆ. ವಾಸನೆ ಸಿಕ್ಕಿತೋ, ಹಿಂಡಿಗೆ ಹಿಂಡೇ ಮುಂದಿನ ಗುಡ್ಡದಾಚೆ. ಸಣ್ಣ ಡಬ್ಬಿಯಲ್ಲಿ ಟಾಲ್ಕಂ ಪುಡಿ ಇಟ್ಟುಕೊಂಡು ಐದೈದು ನಿಮಿಷಕ್ಕೆ ಊದಿ ನೋಡುತ್ತಿರಿ.

ಲೈಸೆನ್ಸ್ ವಿಚಾರ. ಲಾಟರಿ ಎತ್ತಿ ಲೈಸೆನ್ಸ್ ಹಂಚುವ ಡ್ರಾ ಅರ್ಜಿಗೆ ಕಡೆಯ ದಿನ ಏಪ್ರಿಲ್‌ನ ಮೊದಲ ಮಂಗಳವಾರ. ಆಗ ಹಾಕಿದವರ ಫಲಿತಾಂಶ ಬಂದಾಗಿದೆ. ಹಾಕದವರು ನಿರಾಶರಾಗಬೇಕಿಲ್ಲ. ಉಳಿಕೆ ಲೈಸೆನ್ಸುಗಳು ಆಗಸ್ಟ್ ಮೊದಲ ಮಂಗಳವಾರದಿಂದ ಮಾರಾಟಕ್ಕೆ ಬರುತ್ತವೆ. ಎರಡನೇ ಮತ್ತು ಮೂರನೇ ರೈಫಲ್ ಸೀಸನ್‌ಗೆ ಹಲವು ಯೂನಿಟ್‌ಗಳಲ್ಲಿ (ಬೇಟೆಗೆಂದು ವಿಂಗಡಿಸಿದ ವಲಯಗಳಲ್ಲಿ) ಗಂಡು ಎಲ್ಕ್ ಲೈಸೆನ್ಸ್ ಡ್ರಾ ಇಲ್ಲದೆ ನೇರವಾಗಿ ಸಿಗುತ್ತದೆ. 1949ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಕಾರ್ಡ್ ಕಡ್ಡಾಯ. ಹೊರರಾಜ್ಯದವರಿಗೆ ಗಂಡು ಎಲ್ಕ್ ಲೈಸೆನ್ಸ್ 800 ಡಾಲರಿಗೂ ಮೇಲೆ. ಕೊಲೊರಾಡೊದಲ್ಲಿ ಆರು ತಿಂಗಳು ನೆಲೆಸಿದ ನಿವಾಸಿಗಳಿಗೆ ನೂರಕ್ಕಿಂತ ಕಡಿಮೆ.

ವೀಸಾದಲ್ಲಿರುವವರು ಈ ಪ್ಯಾರಾ ಎರಡು ಸಲ ಓದಿ. ಎಚ್1ಬಿ, ಎಫ್1 ಮುಂತಾದ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾ ಆಗಲಿ ಹೊಂದಿರುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಇದರಿಂದ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯಿತು. ಗೆಳೆಯರ ರೈಫಲ್ ಕೈಗೆ ತೆಗೆದುಕೊಂಡು ಅಭ್ಯಾಸ ಮಾಡುವುದಕ್ಕೂ ಇದೇ ಮಾತು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧ ಇಲ್ಲ. ಮುಂದಿನ ವಲಸೆ ಅರ್ಜಿಗೆಲ್ಲ ಕುತ್ತು ತರಬಲ್ಲ ಸಂಗತಿ ಇದು. ವಕೀಲರನ್ನು ಒಮ್ಮೆ ಕೇಳಿಯೇ ಮುಂದುವರಿಯಿರಿ.

ಮೊದಲ ಸಲ ಹೋಗುವವರು ಹೆಣ್ಣು ಎಲ್ಕ್ ಲೈಸೆನ್ಸ್ ತೆಗೆದುಕೊಳ್ಳುವುದೇ ಒಳ್ಳೆಯದು. ಹೆಣ್ಣು ಪ್ರಾಣಿ ಕೊಲ್ಲಬಾರದು ಎಂದು ಕೇಳಿ ಬೆಳೆದವರು ನಾವು, ಮುಜುಗರವಾಗುವುದು ಸಹಜ. ಆದರೆ ಹಿಂಡಿನ ಸಂಖ್ಯೆಯನ್ನು ಹಿಡಿತದಲ್ಲಿಡುವುದು ಹೆಣ್ಣಿನ ಲೈಸೆನ್ಸುಗಳಿಂದಲೇ. ಯಾವ ಯೂನಿಟ್‌ನಲ್ಲಿ ಎಷ್ಟು ಎಂದು ವನ್ಯಜೀವಿ ಇಲಾಖೆ ವರ್ಷವರ್ಷವೂ ನಿಗದಿ ಮಾಡುತ್ತದೆ. ಜೂನ್‌ನಲ್ಲಿ ಹುಟ್ಟಿದ ಕರು ಅಕ್ಟೋಬರ್ ಹೊತ್ತಿಗೆ ಹುಲ್ಲು ಮೇಯುತ್ತಾ ಹಿಂಡಿನೊಳಗೇ ಇರುತ್ತದೆ. ಹೆಣ್ಣುಗಳು ಗುಂಪಾಗಿರುವುದರಿಂದ ಕಣ್ಣಿಗೆ ಬೀಳುವ ಅವಕಾಶ ಹೆಚ್ಚು, ಹೊರೆ ಕಡಿಮೆ, ಮಾಂಸ ಮೆತ್ತಗೆ. ಗಂಡಿನ ಲೈಸೆನ್ಸ್ ಇದ್ದರೆ ಹೆಚ್ಚಿನ ಯೂನಿಟ್‌ಗಳಲ್ಲಿ ಒಂದು ಕೊಂಬಿಗೆ ನಾಲ್ಕು ಕವಲು, ಇಲ್ಲವೇ ಹಣೆಯ ಕವಲು ಐದು ಇಂಚು ಇರಲೇಬೇಕು. ಮಸುಕು ಬೆಳಕಲ್ಲಿ ಕವಲು ಎಣಿಸುವ ಪಾಡು ಹೆಣ್ಣಿನ ಲೈಸೆನ್ಸಿನಲ್ಲಿಲ್ಲ.

ಊರಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾದದ್ದು ಇಲ್ಲಿ ಹೇಗೆ ಸರಿ ಎಂದು ಕೇಳುವವರಿದ್ದಾರೆ. ಪ್ರಾಮಾಣಿಕ ಪ್ರಶ್ನೆ. 1910ರ ಸುಮಾರಿಗೆ ಇಡೀ ಕೊಲೊರಾಡೊದಲ್ಲಿ ಉಳಿದದ್ದು ಸಾವಿರದೊಳಗಿನ ಎಲ್ಕ್. ಮಾರಾಟಕ್ಕಾಗಿ ಲಂಗುಲಗಾಮಿಲ್ಲದೆ ಕೊಂದದ್ದರ ಫಲ ಅದು. ವಯೋಮಿಂಗ್‌ನಿಂದ ಎಲ್ಕ್‌ಗಳನ್ನು ತಂದು ಬಿಟ್ಟರು, ಬೇಟೆ ನಿಲ್ಲಿಸಿದರು, ಆಮೇಲೆ ಲೆಕ್ಕವಿಟ್ಟು ತೆರೆದರು. ಇವತ್ತು 2.8 ಲಕ್ಷಕ್ಕೂ ಹೆಚ್ಚು ಇವೆ, ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಲೈಸೆನ್ಸ್ ಹಣ, ಜೊತೆಗೆ 1937ರ ಕಾನೂನಿನಂತೆ ರೈಫಲ್ ಮತ್ತು ತೋಟಾ ಮೇಲಿನ ಶೇಕಡಾ 11ರ ತೆರಿಗೆ ಈ ಕೆಲಸಕ್ಕೆ ಹೋಗುತ್ತದೆ. ತಿನ್ನಬಹುದಾದ ಮಾಂಸವನ್ನು ಕಾಡಲ್ಲಿ ಬಿಟ್ಟು ಬಂದರೆ ದಂಡ, ಲೈಸೆನ್ಸ್ ರದ್ದಾಗಲೂಬಹುದು. ಹೊರಲಾರದ ಕಡೆ ಹೊಡೆಯಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಕಾರಣ.

ಕೋವಿಯ ಮಾತು ಚಿಕ್ಕದು. ಎಲ್ಕ್‌ಗೆ ಕಾನೂನಿನ ಕನಿಷ್ಠ 6 ಮಿಲಿಮೀಟರ್ ಕ್ಯಾಲಿಬರ್, 85 ಗ್ರೇನ್ ತೂಕದ, ಬಡಿದಾಗ ಅರಳುವ ಗುಂಡು. ಕನಿಷ್ಠವನ್ನು ನೆಚ್ಚಿಕೊಳ್ಳಬೇಡಿ. ಪಾಯಿಂಟ್ 308ರಲ್ಲಿ 165 ಗ್ರೇನ್, 30-06ರಲ್ಲಿ 180 ಗ್ರೇನ್ ಇದ್ದರೆ ಧಾರಾಳ ಸಾಕು. ಒಂಬತ್ತಿಂಚಿನ ಪೇಪರ್ ತಟ್ಟೆ ನಿಲ್ಲಿಸಿ, ಮೇಜಿನ ಆಸರೆಯಿಲ್ಲದೆ ನೆಲದ ಮೇಲೆ ಕೂತೋ ಮಂಡಿಯೂರಿಯೋ ಹೊಡೆಯಿರಿ. ಐದಕ್ಕೆ ಐದೂ ತಟ್ಟೆಗೆ ಬೀಳುವ ದೂರವೇ ನಿಮ್ಮ ಗಡಿ. ಅದು 150 ಗಜವಾದರೆ 150 ಗಜವೇ. ಟ್ರಕ್ಕಿನ ಕುಲುಕಾಟಕ್ಕೆ ಸ್ಕೋಪ್ ಅಲುಗಿರಬಹುದು, ಕ್ಯಾಂಪ್ ಮುಟ್ಟಿದ ಮೇಲೆ ರೇಂಜಿನಲ್ಲೋ ಸುರಕ್ಷಿತ ಜಾಗದಲ್ಲೋ ಎರಡು ಗುಂಡು ಹೊಡೆದು ನೋಡಿಕೊಳ್ಳಿ. ಪಕ್ಕೆ ತೋರಿಸಿ ನಿಂತ ಪ್ರಾಣಿಗೆ, ಮುಂಗಾಲಿನ ಹಿಂದೆ, ಎದೆಯ ಕೆಳಗಿಂದ ಮೂರನೇ ಒಂದು ಭಾಗದ ಎತ್ತರಕ್ಕೆ ಗುರಿ. ಶ್ವಾಸಕೋಶ ತೂತಾದರೂ ಎಲ್ಕ್ ನೂರು ಗಜ ನಡೆದುಹೋಗುತ್ತದೆ, ತಪ್ಪಿತು ಎಂದುಕೊಳ್ಳಬೇಡಿ. ಅರ್ಧ ಗಂಟೆ ಕಾದು, ನಿಂತಿದ್ದ ಜಾಗದಿಂದಲೇ ರಕ್ತದ ಜಾಡು ಹಿಡಿಯಿರಿ. ರೈಫಲ್ ಸೀಸನ್‌ನಲ್ಲಿ ಸೊಂಟದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ, ತಲೆಗೂ ಅದೇ ಬಣ್ಣ ಕಡ್ಡಾಯ.

ಇನ್ನು ಕತ್ತಿಯ ಕೆಲಸ. ಇದನ್ನು ವಿವರವಾಗಿ ಹೇಳಲೇಬೇಕು. ಬಿದ್ದ ಕೂಡಲೇ ಲೈಸೆನ್ಸ್ ಜೊತೆ ಬಂದ ಟ್ಯಾಗ್‌ಗೆ ಸಹಿ ಹಾಕಿ, ದಿನಾಂಕ ಬರೆಯಿರಿ. ಮುಂಚೆಯೇ ಸಹಿ ಮಾಡಿಟ್ಟ ಟ್ಯಾಗ್ ಅಸಿಂಧು. ಹೊಟ್ಟೆ ಸೀಳದೆಯೇ ಬಿಡಿಸುವ ಕ್ರಮ ಹೊಸಬರಿಗೆ ಸಲೀಸು. ಪ್ರಾಣಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಜಾರದಂತೆ ಕಾಲನ್ನು ಮರಕ್ಕೆ ಹಗ್ಗದಿಂದ ಕಟ್ಟಿ. ಕುತ್ತಿಗೆಯಿಂದ ಬಾಲದವರೆಗೆ ಬೆನ್ನಿನುದ್ದಕ್ಕೂ ಚರ್ಮ ಸೀಳಿ, ಹೊಟ್ಟೆಯ ಕಡೆಗೆ ಸುಲಿಯಿರಿ. ಕತ್ತಿಯ ಅಲಗು ಚರ್ಮದ ಒಳಗಿಂದ ಹೊರಕ್ಕೆ ಓಡಲಿ, ಇಲ್ಲದಿದ್ದರೆ ಕೂದಲು ಮಾಂಸಕ್ಕೆ ಮೆತ್ತಿಕೊಳ್ಳುತ್ತದೆ. ಮುಂಗಾಲಿಗೆ ಮೂಳೆಯ ಕೀಲಿನ ಬಿಗಿಯಿಲ್ಲ, ಎತ್ತಿ ಹಿಡಿದು ಒಳಗಿನ ಸ್ನಾಯು ಕತ್ತರಿಸಿದರೆ ಬಂದುಬಿಡುತ್ತದೆ. ಹಿಂದೊಡೆಗೆ ಸೊಂಟದ ಮೂಳೆಯ ಅಂಚು ಹಿಡಿದೇ ಹೋಗಿ, ಗುಂಡನೆಯ ಕೀಲನ್ನು ಹಿಡಿದಿರುವ ನರ ಕತ್ತರಿಸಿ. ಆಮೇಲೆ ಬೆನ್ನೆಲುಬಿನ ಪಕ್ಕದ ಉದ್ದನೆಯ ತುಂಡು, ಕುತ್ತಿಗೆ, ಪಕ್ಕೆಲುಬಿನ ನಡುವಿನದ್ದು. ಕಡೆಯ ಪಕ್ಕೆಲುಬಿನ ಹಿಂದೆ ಕೈ ತೂರಿಸಿ, ಹೊಟ್ಟೆಯನ್ನು ಪಕ್ಕಕ್ಕೆ ಒತ್ತಿ, ಒಳಬೆನ್ನಿನ ಮೆತ್ತನೆ ಮಾಂಸ ಬಿಡಿಸಿ. ಮಗ್ಗುಲು ಹೊರಳಿಸಿ ಇನ್ನೊಂದು ಕಡೆಗೂ ಇದನ್ನೇ ಮಾಡಿ. ಹೆಣ್ಣಾದರೆ ಕೆಚ್ಚಲು, ಗಂಡಾದರೆ ಬೀಜ ಒಂದು ತೊಡೆಗೆ ಸಹಜವಾಗಿ ಅಂಟಿಕೊಂಡೇ ಇರಲಿ. ಗಂಡೋ ಹೆಣ್ಣೋ ಎಂದು ಅಧಿಕಾರಿಗೆ ತೋರಿಸುವ ಪುರಾವೆ ಅದೇ. ಹೊಸಬರು ಹೆಚ್ಚಾಗಿ ಮರೆಯುವುದೂ ಅದನ್ನೇ.

ಮಾಂಸ ಕೆಡುವುದು ಹೊರಗಿನ ಬಿಸಿಲಿಗಿಂತ ಒಳಗಿನ ಕಾವಿನಿಂದ. ಎಲ್ಕ್‌ನ ದಟ್ಟ ಕೂದಲು, ದಪ್ಪ ತೊಡೆ ಎರಡೂ ಶಾಖವನ್ನು ಹಿಡಿದಿಡುತ್ತವೆ. ಹೊರಗೆ ಹಿಮ ಬೀಳುತ್ತಿದ್ದರೂ ಚರ್ಮದ ಸಮೇತ ಬಿಟ್ಟರೆ ಸೊಂಟದ ಕೀಲಿನ ಸುತ್ತ ಹುಳಿವಾಸನೆ ಹುಟ್ಟುತ್ತದೆ. ಸಂಜೆ ಹೊಡೆದು ಬೆಳಗ್ಗೆ ಬಂದು ಸುಲಿಯುತ್ತೇವೆ ಎನ್ನುವುದು ಇದಕ್ಕೇ ತಪ್ಪು. ತೊಡೆಯನ್ನು ಮೂಳೆಯವರೆಗೆ ಸೀಳಿ ಗಾಳಿಯಾಡಲು ಬಿಡಿ. ಉಸಿರಾಡುವ ಬಟ್ಟೆಯ ಐದಾರು ಚೀಲಗಳಲ್ಲಿ ಹಾಕಿ, ನೆರಳಿನ ಕೊಂಬೆಗೆ ತೂಗುಹಾಕಿ ಅಥವಾ ಬಿದ್ದ ದಿಮ್ಮಿಯ ಮೇಲೆ ಬಿಡಿಬಿಡಿಯಾಗಿ ಇಡಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಕೊಲೊರಾಡೊದಲ್ಲಿ ಕಪ್ಪು ಕರಡಿಗಳಿವೆ. ಚೀಲಗಳನ್ನು ಕಳೇಬರದಿಂದ ದೂರಕ್ಕೆ, ಬರುವಾಗ ದೂರದಿಂದಲೇ ಕಾಣುವ ಜಾಗಕ್ಕೆ ಸಾಗಿಸಿ. ಗಾಡಿಯ ಕೂಲರಿನಲ್ಲಿ ಬಿಡಿ ಐಸ್‌ಗಿಂತ, ಗ್ಯಾಲನ್ ಹಾಲಿನ ಕ್ಯಾನುಗಳಲ್ಲಿ ಹೆಪ್ಪುಗಟ್ಟಿಸಿದ ನೀರು ವಾಸಿ. ಕರಗಿದರೂ ಮಾಂಸ ನೀರಲ್ಲಿ ನೆನೆಯುವುದಿಲ್ಲ.

ಜಿಂಕೆ ಜಾತಿಯ ಪ್ರಾಣಿಗಳ ಮಿದುಳಿಗೆ ಬರುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗವನ್ನು ಮೊದಲು ಗುರುತಿಸಿದ್ದು 1967ರಲ್ಲಿ, ಇದೇ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ. ಮನುಷ್ಯರಿಗೆ ಹರಡಿದ ದಾಖಲೆ ಇಲ್ಲ, ಆದರೂ ತಲೆಯನ್ನು ಇಲಾಖೆಯ ಕೇಂದ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವ ತನಕ ಪೊಟ್ಟಣಗಳ ಮೇಲೆ ಗುರುತು ಹಾಕಿ ಫ್ರೀಜರಿನಲ್ಲಿಡಿ. ರೋಗ ಇದೆ ಎಂದು ಬಂದರೆ ತಿನ್ನಬೇಡಿ.

ಮೈಯ ತಯಾರಿ ಇವತ್ತೇ ಶುರುವಾಗಬೇಕು. ಬೆನ್ನಚೀಲದಲ್ಲಿ ಮೂರು ಗ್ಯಾಲನ್ ನೀರು ತುಂಬಿದ ಕ್ಯಾನ್ ಇಟ್ಟುಕೊಂಡು ಗುಡ್ಡ ಹತ್ತಿ, ಸುಮಾರು ಹನ್ನೊಂದು ಕಿಲೋ ಆಗುತ್ತದೆ. ತುದಿಯಲ್ಲಿ ನೀರು ಚೆಲ್ಲಿ ಇಳಿಯಿರಿ, ಮಂಡಿ ಉಳಿಯುತ್ತದೆ. ಎರಡು ವಾರಕ್ಕೊಂದು ಗ್ಯಾಲನ್ ಏರಿಸುತ್ತಾ ಹೋಗಿ. ಸೆಪ್ಟೆಂಬರ್ ಕೊನೆಯಲ್ಲಿ ಒಂದೆರಡು ಸಲ ನೀರು ಚೆಲ್ಲದೆಯೂ ಇಳಿದು ನೋಡಿ, ಏಕೆಂದರೆ ನಿಜವಾದ ಹೊರೆ ಇಳಿಯುವಾಗಲೇ ಬೆನ್ನ ಮೇಲಿರುತ್ತದೆ. ಸೀಸನ್‌ಗೆ ಎರಡು ದಿನ ಮೊದಲೇ ಎತ್ತರಕ್ಕೆ ಹೋಗಿ ತಂಗಿ. ತಲೆನೋವು, ವಾಕರಿಕೆ ಬಂದರೆ ಹತ್ತಬೇಡಿ. ಜಾಸ್ತಿಯಾದರೆ ಮಾತ್ರೆ ನುಂಗಿ ಕಾಯುವುದಲ್ಲ, ಕೆಳಗಿಳಿಯಿರಿ.

ಒಟ್ಟಾರೆ ಲೆಕ್ಕದಲ್ಲಿ ಈ ರಾಜ್ಯದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಎಲ್ಕ್ ಸಿಗುತ್ತದೆ. ಸಿಕ್ಕವರಿಗೆ ಒಂದು ಅಡುಗೆಮನೆ ಮಾತು: ಈ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ, ಬೆನ್ನಿನ ತುಂಡು ಜಾಸ್ತಿ ಬೇಯಿಸಿದರೆ ಚಕ್ಕೆಯಂತಾಗುತ್ತದೆ. ಮೊಣಕಾಲಿನ ಗಂಟು ಮಾಂಸವನ್ನು ಮೂರು ನಾಲ್ಕು ತಾಸು ಸಣ್ಣ ಉರಿಯಲ್ಲಿಟ್ಟು, ಕರಿಮೆಣಸು ಹುರಿದು ಹಾಕಿ, ಕೊನೆಗೆ ಒಂದು ಚಮಚ ಕಾಚಂಪುಳಿ ಬಿಟ್ಟರೆ ಅಕ್ಕಿರೊಟ್ಟಿಗೆ ಅದರಂಥ ಜೊತೆ ಇಲ್ಲ.

ಈ ವಾರಾಂತ್ಯ ಮ್ಯಾಪ್ ತೆರೆದು ಕೂತುಕೊಳ್ಳಿ. ಸರ್ಕಾರಿ ಕಾಡಿನಲ್ಲಿ, ರಸ್ತೆಯಿಂದ ಮೇಲಕ್ಕೆ, ಮೈಲಿಯೊಳಗೆ, ಹುಲ್ಲುಗಾವಲೂ ಉತ್ತರದ ಇಳಿಜಾರಿನ ಕಾಡೂ ಸೇರುವ ಮೂರು ಜಾಗ ಗುರುತಿಸಿ. ಒಂದರಲ್ಲಿ ಬೇರೆಯವರ ಗಾಡಿ ನಿಂತಿದ್ದರೆ ಎರಡನೆಯದು, ಅಲ್ಲೂ ಇದ್ದರೆ ಮೂರನೆಯದು. ಮೊದಲ ದಿನ ಬೆಳಗಿನ ಜಾವ ಐದಕ್ಕೆ ಗಾಡಿ ನಿಲ್ಲಿಸಿ ದೀಪ ಆರಿಸಿ. ಅಕ್ಟೋಬರ್ ನಡುವಿನಲ್ಲೂ ತಡವಾದ ಗಂಡೊಂದು ಮೇಲಿನ ಕಾಡಿನಿಂದ ಕೂಗುವುದುಂಟು. ಮೊದಲು ಕೊಳಲಿನಂತೆ ಏರಿ, ಕೊನೆಗೆ ಗೊಗ್ಗರಾಗಿ ಮುಗಿಯುವ ಕೂಗು. ಕೇಳಿಸಿದರೆ ಒಂದು ಚಿಟಿಕೆ ಪುಡಿ ಊದಿ, ಯಾವ ಕಡೆ ಹೋಗುತ್ತದೆ ನೋಡಿ, ಆಮೇಲೆ ಹತ್ತಲು ಶುರು ಮಾಡಿ.