“ಜನರಿಗೆ ಅರಿವಿಲ್ಲ” ಅನ್ನುವ ಮಾತು ಇನ್ನು ಸಾಕು

ಕೈ ತೊಳೆಯುವ ಚಿತ್ರದ ಪೋಸ್ಟರ್ ಒಂದು ಇವತ್ತು ಮತ್ತೆ ಕಣ್ಣಿಗೆ ಬಿತ್ತು. ಮೇಲೆ ದಪ್ಪಕ್ಷರದಲ್ಲಿ “ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ”. ಕೆಳಗೆ ಯಾರೋ ಬರೆದಿದ್ದರು: “ಎಷ್ಟು ಹೇಳಿದರೂ ಅಷ್ಟೇ, ಜನರಿಗೆ ಅರಿವಿಲ್ಲ.” ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ರೋಗ ಬರುವುದು ಬರೀ ಅರಿವಿಲ್ಲದ್ದರಿಂದಲ್ಲ, ಜನ ಬದುಕುವ ಸ್ಥಿತಿಯಿಂದಲೂ. ನೇರ ವಿಷಯಕ್ಕೇ ಬರುತ್ತೇನೆ.

ಆ ಕೈ ತೊಳೆಯುವುದನ್ನೇ ನೋಡೋಣ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ, ಚೊಂಬಿನಲ್ಲಿ ಹುಯ್ದು ತೊಳೆದರೆ ಅರ್ಧ ಲೀಟರ್ ನೀರು ಅಂತಿಟ್ಟುಕೊಳ್ಳಿ. ಮನೆಯಲ್ಲಿ ಐದು ಜನ, ದಿನಕ್ಕೆ ಆರು ಸಲ ಅಂದರೆ 15 ಲೀಟರ್. ಹೆಚ್ಚುಕಮ್ಮಿ ಒಂದು ದೊಡ್ಡ ಕೊಡ, ಬರೀ ಕೈಗೆ. ನೀರು ಮನೆಯಿಂದ 100 ಮೀಟರಿಗಿಂತ ದೂರದಲ್ಲಿದ್ದು ಹೊತ್ತು ತರಬೇಕಾದರೆ ಒಬ್ಬರಿಗೆ ದಿನಕ್ಕೆ ದಕ್ಕುವುದು ಸುಮಾರು 20 ಲೀಟರ್ ದಾಟುವುದಿಲ್ಲ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯದೇ ಅಂದಾಜು. ಕುಡಿಯುವುದು, ಅಡುಗೆ, ಪಾತ್ರೆ, ಬಟ್ಟೆ, ಸ್ನಾನ ಎಲ್ಲ ಅದರಲ್ಲೇ ಆಗಬೇಕು. ಅದೇ ಮನೆಯಂಗಳಕ್ಕೆ ಒಂದು ನಲ್ಲಿ ಬಂದರೆ ಬಳಕೆ 50 ಲೀಟರಿನ ಹತ್ತಿರ ಹೋಗುತ್ತದೆ. ಜನ ಅವರೇ, ಅವರ ಅರಿವೂ ಅಷ್ಟೇ. ಹೊಸದಾಗಿ ಬಂದದ್ದು ನಲ್ಲಿ.

ಆ ನಲ್ಲಿಯೂ ದಿನಕ್ಕೆ ಒಂದೆರಡು ಗಂಟೆ ಮಾತ್ರ ಬಂದರೆ ಬೇರೆ ತೊಂದರೆ ಶುರು. ಪೈಪಿನಲ್ಲಿ ಒತ್ತಡ ಇರುವ ತನಕ ಸೀಳಿನಿಂದ ನೀರು ಹೊರಗೆ ಸೋರುತ್ತದೆ, ಒಳಗೆ ಏನೂ ಬರುವುದಿಲ್ಲ. ನೀರು ನಿಂತು ಒತ್ತಡ ಇಳಿದ ಕೂಡಲೇ ಪೈಪಿನ ಸುತ್ತ ನಿಂತ ಚರಂಡಿ ನೀರು ಅದೇ ಸೀಳಿನಿಂದ, ಸಡಿಲಾದ ಜಾಯಿಂಟಿನಿಂದ ಒಳಗೆ ಜಿನುಗುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಆ ಕೊಳಕೇ. ನೀರು ಶುದ್ಧ ಮಾಡುವ ಘಟಕದಲ್ಲಿ ಕ್ಲೋರಿನ್ ಸರಿಯಾಗಿಯೇ ಹಾಕಿರುತ್ತಾರೆ. 30 ನಿಮಿಷ ಬೆರೆತ ಮೇಲೂ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು ಅನ್ನುವುದು ಲೆಕ್ಕ. ಆದರೆ ದಾರಿಯಲ್ಲಿ ನುಗ್ಗಿದ ಕೊಳೆ ಅದನ್ನು ತಿಂದುಹಾಕುತ್ತದೆ, ಕೊನೆಯ ಮನೆಗೆ ತಲುಪುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ನೀರು ಯಾವಾಗ ಬರುತ್ತದೋ ಗೊತ್ತಿಲ್ಲದ ಕಾರಣಕ್ಕೆ ಮನೆಯವರು ಅಗಲ ಬಾಯಿಯ ಪಾತ್ರೆಗಳಲ್ಲಿ ತುಂಬಿಡುತ್ತಾರೆ. ಅದರೊಳಗೆ ಚೊಂಬು ಅದ್ದುತ್ತಾರೆ, ಮಗು ಕೈ ಹಾಕುತ್ತದೆ. ಆಮೇಲೆ ಮಗುವಿಗೆ ಭೇದಿ. ಆ ತಾಯಿಯನ್ನು ಕೂರಿಸಿಕೊಂಡು ಶುಚಿತ್ವದ ಪಾಠ ಹೇಳುತ್ತಾರಲ್ಲ, ಆ ಪೈಪಿನ ಸೀಳಿಗೆ ಯಾರು ಪಾಠ ಹೇಳಬೇಕು?

ಕ್ಷಯದ ವಿಷಯದಲ್ಲೂ ಇದೇ ಹಾಡು: “ಮಾತ್ರೆ ಅರ್ಧಕ್ಕೆ ಬಿಟ್ಟರು, ಬೇಜವಾಬ್ದಾರಿ.” ಔಷಧಕ್ಕೆ ಬಗ್ಗುವ ಮಾಮೂಲಿ ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ. ಮೊದಲ 2 ತಿಂಗಳು ನಾಲ್ಕು ಔಷಧ, ಉಳಿದ 4 ತಿಂಗಳು ಅದಕ್ಕಿಂತ ಕಮ್ಮಿ. ಎರಡನೇ ತಿಂಗಳ ಹೊತ್ತಿಗೆ ಜ್ವರ ಬಿಟ್ಟಿರುತ್ತದೆ, ಕೆಮ್ಮು ತಗ್ಗಿರುತ್ತದೆ, ಹಸಿವು ವಾಪಸ್ ಬಂದಿರುತ್ತದೆ. ದಿನಗೂಲಿಯವರಿಗೆ ಅದು ಮತ್ತೆ ಕೆಲಸಕ್ಕೆ ಹೋಗಲೇಬೇಕಾದ ಹೊತ್ತು, ಯಾಕೆಂದರೆ ಎರಡು ತಿಂಗಳಿನ ಸಾಲ ತಲೆಮೇಲೆ ಕೂತಿರುತ್ತದೆ. ಮಾತ್ರೆ ಕೊಡುವ ಕೇಂದ್ರ ತೆರೆದಿರುವುದೂ ಕೆಲಸದ ಹೊತ್ತಿನಲ್ಲೇ. ಮಾತ್ರೆ ಪುಕ್ಕಟೆ ನಿಜ, ಆದರೆ ಅದನ್ನು ತರಲು ಹೋದ ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ. ಅದಕ್ಕೇ ಕ್ಷಯದ ಖರ್ಚು ಅಳೆಯುವಾಗ ಕೈತಪ್ಪಿದ ದುಡಿಮೆ, ಓಡಾಟದ ಖರ್ಚು ಎಲ್ಲ ಸೇರಿಸುತ್ತಾರೆ. ಒಟ್ಟು ಮೊತ್ತ ಮನೆಯ ವರ್ಷದ ಆದಾಯದ ಶೇ. 20 ದಾಟಿದರೆ ಅದು ಆ ಮನೆಯನ್ನು ಮುಳುಗಿಸುವ ಖರ್ಚು. ಇನ್ನು ಹೊಟ್ಟೆ ತುಂಬಾ ಊಟವಿಲ್ಲದವರು ಆ ಮಾತ್ರೆ ನುಂಗಿದಾಗ ಬರುವ ವಾಕರಿಕೆಯ ಬಗ್ಗೆ ಯಾವ ಪೋಸ್ಟರೂ ಹೇಳಲ್ಲ.

“ಹಾಗಾದರೆ ಮನುಷ್ಯನ ಜವಾಬ್ದಾರಿ ಏನೂ ಇಲ್ಲವಾ? ಸಿಗರೇಟು ಸೇದುವುದು, ವ್ಯಾಯಾಮ ಮಾಡದಿರುವುದು ಅವರವರ ಕೈಯಲ್ಲೇ ಅಲ್ಲವಾ?” ಅಂತ ಕೇಳುವವರಿದ್ದಾರೆ. ಇದೆ, ಇಲ್ಲ ಅನ್ನಲ್ಲ. ಎಷ್ಟಿದೆ ಅನ್ನುವುದನ್ನು ಅಳೆದೂ ಆಗಿದೆ. ಬ್ರಿಟನ್ನಿನಲ್ಲಿ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿದ್ದವರು ಸುಮಾರು 18,000 ಗಂಡಸರು. ಎಲ್ಲರೂ ಲಂಡನ್ನಿನ ಸರ್ಕಾರಿ ನೌಕರರು, ಎಲ್ಲರಿಗೂ ಸಂಬಳ, ಯಾರೂ ಉಪವಾಸ ಬಿದ್ದವರಲ್ಲ. ಆದರೂ ಅತಿ ಕೆಳದರ್ಜೆಯವರು ಹೃದ್ರೋಗದಿಂದ ಸಾಯುವ ಪ್ರಮಾಣ ಅತಿ ಮೇಲಿನವರ ಮೂರು ಪಟ್ಟಿಗೂ ಹೆಚ್ಚಿತ್ತು. ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲ ಲೆಕ್ಕಕ್ಕೆ ಹಿಡಿದರೂ ಆ ಅಂತರದ ದೊಡ್ಡ ಪಾಲಿಗೆ ಉತ್ತರ ಸಿಗಲಿಲ್ಲ. ನಡುವಿನ ದರ್ಜೆಯವರೂ ಮೇಲಿನವರಿಗಿಂತ ಬೇಗ ಸತ್ತರು. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹಾಗೆ ಸಾವು ಏರುತ್ತಿತ್ತು. ಇದನ್ನು ಓದಿದ ಮೇಲೂ ಎಲ್ಲವನ್ನೂ ಚಟದ ತಲೆಗೆ ಕಟ್ಟಿದರೆ ನಾನು ಒಪ್ಪುವುದಿಲ್ಲ.

ಇದೇನು ಹೊಸ ಸಂಗತಿಯಲ್ಲ. 1848ರಲ್ಲಿ ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಸರ್ಕಾರ ರುಡಾಲ್ಫ್ ವಿರ್ಖೋವ್ ಎಂಬ ವೈದ್ಯನನ್ನು ತನ್ನ ಅಪ್ಪರ್ ಸೈಲೀಷಿಯಾ ಪ್ರದೇಶಕ್ಕೆ, ಹೇನಿನಿಂದ ಹರಡುವ ಟೈಫಸ್ ಜ್ವರ ನೋಡಿ ಬಾ ಅಂತ ಕಳಿಸಿತು. ಆತ ವಾಪಸ್ ಬಂದು ಬರೆದ ವರದಿಯಲ್ಲಿ ಕೇಳಿದ್ದು ಶಿಕ್ಷಣ, ರಸ್ತೆ, ಬಡವರ ಮೇಲಿನ ತೆರಿಗೆ ಭಾರ ಇಳಿಸುವುದು, ಜನರ ಕೈಗೇ ಆಡಳಿತ. ಆಗ ಆತನಿಗೆ 26 ವರ್ಷ. ರೋಗಕ್ಕೆ ಕಾರಣ ಹುಡುಕಿಕೊಂಡು ಹೋದವನು ಜನರ ಬದುಕನ್ನು ನೋಡಿ ಬಂದ. ನಾವು ಇವತ್ತಿಗೂ ಪೋಸ್ಟರ್ ಅಂಟಿಸುತ್ತಾ ಕೂತಿದ್ದೇವೆ.

ಫೀಲ್ಡಿನಲ್ಲಿ ಕೆಲಸ ಮಾಡುವ ಆರೋಗ್ಯ ಕಾರ್ಯಕರ್ತ ಗೆಳೆಯರಲ್ಲಿ ಒಂದೇ ಕೋರಿಕೆ. ಮಾತ್ರೆ ನಿಲ್ಲಿಸಿದವರ ಹೆಸರಿನ ಮುಂದೆ “ನಿರ್ಲಕ್ಷ್ಯ” ಅಂತ ಬರೆಯುವ ಮೊದಲು ಅವರ ಕೆಲಸ ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಕೇಂದ್ರಕ್ಕೆ ಬಂದು ಹೋಗಲು ಎಷ್ಟು ಗಂಟೆ ಹಿಡಿಯುತ್ತದೆ, ಅವತ್ತಿನ ಕೂಲಿ ಹೋಗುತ್ತದಾ, ಹಿಂದಿನ ರಾತ್ರಿ ಊಟ ಆಗಿತ್ತಾ ಅಂತ ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಒಂದೇ ಬೀದಿಯ ಹತ್ತು ಮನೆಯಲ್ಲಿ ಅದೇ ಉತ್ತರ ಬಂದರೆ ಆ ಹಾಳೆಯನ್ನು ಹಿಡಿದುಕೊಂಡು ಮೇಲಿನವರ ಹತ್ತಿರ ಹೋಗಿ, ಕೇಂದ್ರದ ಬಾಗಿಲನ್ನು ಸಂಜೆ ಎಂಟರ ತನಕ ತೆರೆದಿಡಿ ಅಂತ ಕೇಳಿ.