ಬೀರು ಮೇಲೆ ಹೇಗೆ ಬಂತು?

ಐರ್ಲೆಂಡಿನ ಬನ್ರಾಟಿ ಕೋಟೆಯ ಮೆಟ್ಟಿಲು ಹತ್ತಿದವರಿಗೇ ಗೊತ್ತು ಅದರ ಕಷ್ಟ. ಸುರುಳಿ ಸುತ್ತಿದ ಕಲ್ಲಿನ ಮೆಟ್ಟಿಲು. ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯಲೇಬೇಕು ಅಂದರೆ ಯಾರಾದರೊಬ್ಬರು ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಳ್ಳಬೇಕು. ತಂಗಿ ಇರುವುದು ಪಕ್ಕದ ಲಿಮರಿಕ್‌ನಲ್ಲಿ, ಅವಳ ಮಗನನ್ನೂ ಕರೆದುಕೊಂಡು ಹೋಗಿದ್ದೆವು. ನಾನು ಏದುಸಿರು ಬಿಡುತ್ತಾ ಮೇಲಿನ ಕೋಣೆಗೆ ಬಂದು ನಿಂತಿದ್ದೇನೆ, ಅವನು ಅಲ್ಲಿದ್ದ ಕಪ್ಪು ಓಕ್ ಮರದ ಬೀರುವನ್ನೇ ನೋಡುತ್ತಿದ್ದಾನೆ.

"ದೊಡ್ಡಮ್ಮ, ಇದನ್ನ ಆ ಮೆಟ್ಟಿಲಲ್ಲಿ ಹೆಂಗೆ ತಂದ್ರು?"

ಒಳ್ಳೆ ಪ್ರಶ್ನೆ. ನನಗಂತೂ ಹೊಳೆದಿರಲಿಲ್ಲ.

ಈ ಕೋಟೆಯನ್ನು 1425ರ ಸುಮಾರಿಗೆ ಕಟ್ಟಿಸಿದ್ದು ಮ್ಯಾಕ್‌ನಮಾರಾ ಮನೆತನ. ಆಮೇಲೆ ಓಬ್ರಿಯನ್ನರ ಕೈಗೆ ಹೋಯಿತು, ಕೊನೆಗೆ ಪಾಳು ಬಿತ್ತು. 1954ರಲ್ಲಿ ಲಾರ್ಡ್ ಗೋರ್ಟ್ ಅನ್ನುವವರು ಕೊಂಡು ರಿಪೇರಿ ಮಾಡಿಸಿದರು. ಹಳೇ ಸಾಮಾನಿನ ಹುಚ್ಚಿದ್ದ ಜಾನ್ ಹಂಟ್ ಅವರ ಜೊತೆಗಿದ್ದರು. 1960ರಲ್ಲಿ ಜನರಿಗೆ ಬಾಗಿಲು ತೆಗೆದರು. ಅಂದರೆ ಇಲ್ಲಿನ ಪೆಟ್ಟಿಗೆ, ಬೀರು, ಮಂಚ, ಗೋಡೆಗೆ ತೂಗುಬಿಟ್ಟ ಟ್ಯಾಪೆಸ್ಟ್ರಿ (ಚಿತ್ರ ನೇಯ್ದ ದಪ್ಪ ಬಟ್ಟೆ) ಹೆಚ್ಚಿನವು ಎಲ್ಲೆಲ್ಲಿಂದಲೋ ಹುಡುಕಿ ತಂದವು. ವಯಸ್ಸು ಹೊಂದುತ್ತದೆ, ಊರು ಬೇರೆ. ಎಲ್ಲವನ್ನೂ ಒಟ್ಟಿಗೆ ನೋಡಿದಾಗ, ನಿಜ ಹೇಳಬೇಕು ಅಂದರೆ, ಮದುವೆ ಮನೆಯ ಉಗ್ರಾಣದ ನೆನಪಾಯಿತು. ಸ್ವಲ್ಪ ಜಾಸ್ತಿಯೇ ಆಯಿತು ಅಲ್ವಾ ಅಂತ ತಂಗಿಯ ಕಿವಿಯಲ್ಲಿ ಹೇಳಿದೆ.

ಯಾಕೆ ಅಂದರೆ, ಆ ಕಾಲದ ದೊರೆಗಳ ಕೋಣೆಯಲ್ಲಿ ಇಷ್ಟೊಂದು ಸಾಮಾನು ಇರುತ್ತಿರಲಿಲ್ಲ. ದೊಡ್ಡ ದೊರೆಗೆ ನಾಲ್ಕಾರು ಮನೆ. ಒಂದು ಕಡೆ ದವಸ ಮುಗಿದರೆ ಪರಿವಾರದ ಸಮೇತ ಇನ್ನೊಂದು ಕಡೆಗೆ ಹೊರಟ, ಮಂಚದ ಪರದೆ, ಹಾಸಿಗೆ, ಸುರುಳಿ ಸುತ್ತಿದ ಟ್ಯಾಪೆಸ್ಟ್ರಿ, ಬೆಳ್ಳಿ ಪಾತ್ರೆ ಎಲ್ಲಾ ಗಾಡಿ ಮೇಲೆ. ಹಿಂದೆ ಉಳಿಯುವುದು ಬರೀ ಗೋಡೆ. ಫ್ರೆಂಚರು ಈಗಲೂ ಪೀಠೋಪಕರಣಕ್ಕೆ ಮ್ಯೂಬ್ಲ್ ಅನ್ನುತ್ತಾರೆ. ಜರುಗಿಸಬಹುದಾದದ್ದು ಅಂತ ಅದರ ಅರ್ಥ. ಊಟದ ಟೇಬಲ್ಲೂ ಅಷ್ಟೇ, ಕಾಲುಗಳ ಮೇಲೆ ಹಲಗೆ ಇಟ್ಟರೆ ಟೇಬಲ್, ಕೈ ತೊಳೆದ ಮೇಲೆ ತೆಗೆದು ಗೋಡೆಗೆ ಒರಗಿಸಿದರೆ ಖಾಲಿ ಹಾಲ್. ಕೈಯಿರುವ ಕುರ್ಚಿ ಯಜಮಾನನಿಗೆ. ಉಳಿದವರು ಬೆಂಚೋ ಪೆಟ್ಟಿಗೆಯೋ ನೋಡಿಕೊಳ್ಳಬೇಕು.

ಪೆಟ್ಟಿಗೆ ಅಂದೆನಲ್ಲ, ನನಗೆ ಅಲ್ಲಿ ತುಂಬಾ ಹಿಡಿಸಿದ್ದು ಅದೇ. ಬಗ್ಗಿ ನೋಡಿದೆ. ಮುಂಭಾಗದ ಒಂದೊಂದು ಹಲಗೆಯ ಮೇಲೂ ಮಡಿಸಿಟ್ಟ ಬಟ್ಟೆಯ ನೆರಿಗೆಯನ್ನು ಕೆತ್ತಿದ್ದಾರೆ, ಇಸ್ತ್ರಿ ಮಾಡಿದ ಪಂಚೆಯ ಅಂಚು ಒಂದರ ಮೇಲೊಂದು ಕೂತ ಹಾಗೆ. ಒಳಗೆ ಬಟ್ಟೆ, ಹೊರಗೂ ಬಟ್ಟೆ! ಬಡಗಿಗೆ ತಮಾಷೆ ಗೊತ್ತಿತ್ತು. ಮುಚ್ಚಳದ ಮುಂದಿನ ಅಂಚು ಮಾತ್ರ ಚೂಪು ಕಳೆದುಕೊಂಡು ನುಣ್ಣಗಾಗಿದೆ. ಎಷ್ಟು ಜನ ಕೂತು ಎದ್ದರೋ. ನಮ್ಮಜ್ಜಿಯ ಮನೆಯ ಹಲಸಿನ ಮರದ ಪೆಟ್ಟಿಗೆಯೂ ಹೀಗೇ ಸವೆದಿತ್ತು. ಹಗಲು ಅದು ಬಂದವರಿಗೆ ಕುರ್ಚಿ, ರಾತ್ರಿ ಮಾವನಿಗೆ ಮಂಚ, ಒಳಗೆ ಏನಿದೆ ಅಂತ ಅಜ್ಜಿಯ ಸೊಂಟದ ಬೀಗದಕೈಗೆ ಮಾತ್ರ ಗೊತ್ತು.

ಇನ್ನು ಆ ಕಪ್ಪು. ನಾವೆಲ್ಲ ಕೋಟೆ ಅಂದರೆ ಕಪ್ಪು ಮರ ಅಂದುಕೊಂಡಿದ್ದೇವೆ. ಹೊಸದರಲ್ಲಿ ಓಕ್ ಜೇನಿನ ಬಣ್ಣದ್ದು. ಎಷ್ಟೋ ಸಾಮಾನಿಗೆ ಕೆಂಪು, ಹಸಿರು ಬಣ್ಣವನ್ನೂ ಬಳಿಯುತ್ತಿದ್ದರು. ನಾವು ಗಂಭೀರ ಅಂತ ಮೆಚ್ಚುವುದು ಬರೀ ಹೊಗೆ, ಎಣ್ಣೆ, ವಯಸ್ಸು. ಅವತ್ತಿನ ದೊರೆ ಈಗ ಬಂದರೆ, "ಯಾರ್ರೀ ಇದನ್ನ ಒರೆಸದೇ ಬಿಟ್ಟಿದ್ದು?" ಅಂತ ಬೈಯಬಹುದು.

ಬೀರುವಿನ ಪ್ರಶ್ನೆಗೆ ಬರೋಣ. ಪಕ್ಕಕ್ಕೆ ಹೋಗಿ ನೋಡಿದರೆ ಮೂಲೆಮೂಲೆಗೂ ಮರದ ಗೂಟದ ತಲೆ ಕಾಣುತ್ತದೆ. ಒಂದು ಪಟ್ಟಿಯ ತೂತಿಗೆ ಇನ್ನೊಂದರ ನಾಲಿಗೆಯಂಥ ತುದಿ ಕೂರಿಸಿ ಗೂಟ ಹೊಡೆದ ಚೌಕಟ್ಟು, ನಡುವೆ ಸಡಿಲವಾಗಿ ಕೂತ ಹಲಗೆ. ಗೂಟ ಕಿತ್ತರೆ ಬಿಚ್ಚಬಹುದು. "ಬಿಡಿಬಿಡಿಯಾಗಿ ತಂದು ಇಲ್ಲೇ ಜೋಡಿಸಿರಬೇಕು ಕಣೋ" ಅಂದೆ.

ಅವನು ಅಮ್ಮನ ಕಡೆ ತಿರುಗಿದ. ಹೋದ ತಿಂಗಳು ಅವರ ಹೊಸ ಸೋಫಾ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡು, ಗೋಡೆಯ ಗಾರೆ ಕಿತ್ತು, ಅಂಗಡಿಗೆ ವಾಪಸ್ ಹೋಗಿತ್ತು.

"ಅಮ್ಮಾ, ಸೋಫಾನೂ ಈ ಬೀರು ಮಾಡಿದವ್ರಿಗೇ ಹೇಳ್ಬೇಕಿತ್ತು ಅಲ್ವಾ?"

"ಸುಮ್ನೆ ಇಳಿಯೋ" ಅಂದಳು ತಂಗಿ. ಕೆಳಗಿನಿಂದ ಆಗಲೇ ಯಾರೋ ಹತ್ತುತ್ತಿದ್ದರು, ನಾವು ಮೂವರೂ ಗೋಡೆಗೆ ಅಂಟಿಕೊಂಡೆವು.